ಗುಂಡಿ ತೋಡಿದ್ದು ನಾನೇ ಕಣಪ್ಪ

ಮೊನ್ನೆ ಭಾನುವಾರದಿಂದ ಅಪ್ಪನ ಒಂದು ಮಾತು ನನ್ನ ಕಿವಿಯಲ್ಲೇ ಉಳಿದುಬಿಟ್ಟಿದೆ. ಕಚೇರಿಯಲ್ಲಿ ಕುಳಿತಿದ್ದಾಗ, ವೋಕಿಂಗ್ ನಿಲ್ದಾಣದಲ್ಲಿ ರೈಲಿಗೆ ಕಾಯುವಾಗ, ರಾತ್ರಿ ದೀಪ ಆರಿಸಿದ ಮೇಲೂ ಅದೇ ಕೇಳಿಸುತ್ತದೆ: "ಗುಂಡಿ ತೋಡಿದ್ದು ನಾನೇ ಕಣಪ್ಪ."

ಅರಸೀಕೆರೆ ಕಡೆಯ ತೋಟ ಬಿಟ್ಟು ಇಂಗ್ಲೆಂಡಿಗೆ ಬಂದು ತಿಂಗಳಾದರೂ ಅಪ್ಪನಿಗೆ ನಾಲ್ಕು ಗೋಡೆಯ ನಡುವೆ ಹೊತ್ತು ಹೋಗುತ್ತಿರಲಿಲ್ಲ. ಅಕ್ಟೋಬರಿನ ಬಿಸಿಲು ಅಪರೂಪಕ್ಕೆ ಚೆನ್ನಾಗಿ ಬಿದ್ದಿತ್ತೆಂದು ಅವರನ್ನು ಚಾಬಮ್ ಕಾಮನ್‌ಗೆ ಕರೆದುಕೊಂಡು ಹೋದೆ. ರಾಷ್ಟ್ರೀಯ ನಿಸರ್ಗ ಮೀಸಲು ಪ್ರದೇಶ ಎಂದು ನಾನು ಮೊದಲೇ ಹೇಳಿದ್ದರಿಂದ ಅವರು ದಟ್ಟ ಕಾಡನ್ನು ಎಣಿಸಿಕೊಂಡು ಬಂದಿದ್ದರು. ಕಂಡದ್ದು ಮಾತ್ರ ಸುಮಾರು 650 ಹೆಕ್ಟೇರಿನ ಬಯಲು. ಹೂ ಮುಗಿದು ಕಂದಿದ ಮೊಣಕಾಲುದ್ದದ ಹೆದರ್ ಗಿಡಗಳು, ಮುಳ್ಳಿನ ಗೋರ್ಸ್ ಪೊದೆಗಳು, ಬಿಳಿ ಮರಳಿನ ಕಾಲುದಾರಿ, ಬಯಲನ್ನು ಇಬ್ಭಾಗ ಮಾಡಿ ಹಾದುಹೋದ ಎಂ3 ಹೆದ್ದಾರಿಯ ಮೊರೆತ. ಅಪ್ಪ ಏನೂ ಹೇಳದೆ ಒಂದು ಗೋರ್ಸ್ ಪೊದೆಯ ಹಳದಿ ಹೂವನ್ನು ಕಿತ್ತು, ಬೆರಳಲ್ಲಿ ಹೊಸಕಿ ಮೂಸಿ, "ಕೊಬ್ಬರಿ!" ಎಂದರು. ನಾನೂ ಮೂಸಿದೆ, ನಿಜ, ಒಡೆದ ಕೊಬ್ಬರಿಯದೇ ಪರಿಮಳ. ಆ ಬಯಲಿಗೆ ಹತ್ತಾರು ಸಲ ಹೋಗಿದ್ದ ನಾನು ಒಮ್ಮೆಯೂ ಆ ಹೂವನ್ನು ಮೂಗಿನ ಹತ್ತಿರ ಹಿಡಿದಿರಲಿಲ್ಲ.

ಇನ್ನೊಂದು ತಿರುವಿನಲ್ಲಿ ಏಳೆಂಟು ಜನ ಸ್ವಯಂಸೇವಕರು ಕೆಲಸದಲ್ಲಿದ್ದರು. ಹೆದರ್ ನಡುವೆ ಎದ್ದಿದ್ದ ಬರ್ಚ್ ಮತ್ತು ಪೈನ್ ಸಸಿಗಳನ್ನು ಬಗ್ಗಿ ಬೇರು ಸಮೇತ ಕಿತ್ತು ರಾಶಿ ಹಾಕುತ್ತಿದ್ದರು. ಬೆಳೆದ ಮರಗಳನ್ನು ಗರಗಸದಿಂದ ಕೊಯ್ಯುತ್ತಿದ್ದರು. ಅಪ್ಪ ನಿಂತುಬಿಟ್ಟರು. "ಏನಪ್ಪ ಇದು, ಕಾಡು ಉಳಿಸೋ ಜಾಗದಾಗೆ ಮರಾನೇ ಕೀಳ್ತಾವ್ರಲ್ಲ? ಯಾಕೆ ಅಂತ ಆ ಯಮ್ಮನ್ನ ಕೇಳು" ಎಂದರು. ನನಗೆ ಕೇಳಲು ಮುಜುಗರ. ಅಷ್ಟರಲ್ಲಿ ನಾಯಿ ಹಿಡಿದು ಹೋಗುತ್ತಿದ್ದವನೊಬ್ಬ ಅವರಿಗೆಲ್ಲ ಕೇಳುವಂತೆ, ನಿಸರ್ಗದ ಹೆಸರಿನಲ್ಲಿ ನಿಸರ್ಗವನ್ನೇ ನಾಶ ಮಾಡುತ್ತಿದ್ದೀರಿ ಎಂದು ಗದರಿ, ಉತ್ತರಕ್ಕೂ ಕಾಯದೆ ನಡೆದ. ಅಂಥವರ ಬಗ್ಗೆ ನನಗೆ ಗೌರವ ಹುಟ್ಟುವುದಿಲ್ಲ. ಅನುಮಾನ ಅಪ್ಪನಿಗೂ ಅದೇ ಇತ್ತು, ಆದರೆ ಅಪ್ಪ ಉತ್ತರ ಬೇಕೆಂದು ನಿಂತಿದ್ದರು.

ಕೊನೆಗೆ ನಾನು ಕೇಳಿದೆ. ಸ್ವಯಂಸೇವಕರ ನಡುವಿನ, ಎಪ್ಪತ್ತರ ಹತ್ತಿರದ ಆ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಧಾನವಾಗಿ ನೆಟ್ಟಗಾಗಿ, ಕೈಗವಸು ಬಿಚ್ಚಿ, ನನ್ನ ಮುಖ ನೋಡದೆ ಅಪ್ಪನ ಮುಖ ನೋಡಿಯೇ ಉತ್ತರ ಕೊಟ್ಟರು. ಮರ ತಾನಾಗಿಯೇ ಬರುತ್ತದೆ, ಅದಕ್ಕೆ ನಾವು ಬೇಕಿಲ್ಲ. ಈ ಬಯಲಿಗೆ ನಾವು ಬೇಕು. ಕೆಲವು ವರ್ಷ ಕೈಬಿಟ್ಟರೆ ಇಲ್ಲಿ ಬಯಲೇ ಇರುವುದಿಲ್ಲ ಎಂದರು. ನಾನು ಕನ್ನಡದಲ್ಲಿ ಹೇಳಿದೆ. ಅಪ್ಪ ತಲೆಯಾಡಿಸಿ, ಇದು ದನ ಮೇಯುತ್ತಿದ್ದ ಜಾಗವೇ ಎಂದು ಕೇಳಿಸಿದರು. ಪ್ರಶ್ನೆ ಕೇಳಿ ಆಕೆಯ ಮುಖವೇ ಅರಳಿತು.

ಹೀತ್ ಎಂದು ಕರೆಯುವ ಈ ಬಗೆಯ ಬಯಲು ಮನುಷ್ಯನಿಲ್ಲದೆ ಆದದ್ದಲ್ಲ. ಸಾವಿರಾರು ವರ್ಷಗಳ ಹಿಂದೆ ಇಲ್ಲಿನ ಬಡ ಮರಳು ನೆಲದ ಕಾಡನ್ನು ಜನ ಕಡಿದರು. ಆಮೇಲೆ ತಲೆಮಾರುಗಳ ಕಾಲ ದನ ಮೇಯಿಸಿ, ಒಲೆಗೆ ಗೋರ್ಸ್ ಮತ್ತು ಹೆಂಟೆ ಕೊಯ್ದು, ಮರ ಏಳದಂತೆ ನೋಡಿಕೊಂಡರು. ಬದುಕು ಬದಲಾಗಿ ಆ ಕೆಲಸ ನಿಂತೊಡನೆ ಬರ್ಚ್ ನುಗ್ಗಿತು. ಉಳಿದದ್ದರ ಮೇಲೆ ಹೊಲ, ಪೈನ್ ನೆಡುತೋಪು, ಊರು ಎದ್ದವು. 1800ರಿಂದ ಈಚೆಗೆ ಈ ದೇಶದ ತಗ್ಗುನಾಡಿನ ಹೀತ್‌ಗಳಲ್ಲಿ ಶೇ 80ಕ್ಕಿಂತ ಹೆಚ್ಚು ಅಳಿದಿವೆ. ಬಯಲನ್ನೇ ನಂಬಿದ ಜೀವಗಳು ಮರದ ನೆರಳಿನಲ್ಲಿ ಬದುಕುವುದಿಲ್ಲ. ನಮ್ಮ ನತ್ತಿಂಗ ಹಕ್ಕಿಯ ಬಳಗದ ನೈಟ್‌ಜಾರ್ ಬೇಸಿಗೆಯಲ್ಲಿ ಆಫ್ರಿಕಾದಿಂದ ಬಂದು ಗೂಡನ್ನೂ ಕಟ್ಟದೆ ಬರಿ ನೆಲದ ಮೇಲೆ ಎರಡು ಮೊಟ್ಟೆ ಇಡುತ್ತದೆ. ಬೆಳ್ಳಿ ಚುಕ್ಕೆಯ ಒಂದು ಪುಟ್ಟ ನೀಲಿ ಚಿಟ್ಟೆಯ ಮರಿಹುಳುಗಳನ್ನು ಇಲ್ಲಿನ ಕಪ್ಪಿರುವೆಗಳು ಕಾಯುತ್ತವೆ. 2005ರಲ್ಲಿ ಈ ಸುತ್ತಿನ ಹೀತ್‌ಗಳಿಗೆಲ್ಲ ಹಕ್ಕಿಗಳ ವಿಶೇಷ ರಕ್ಷಣಾ ಪ್ರದೇಶದ ಸ್ಥಾನ ಸಿಕ್ಕಿತು. ಅವುಗಳ 400 ಮೀಟರ್ ಒಳಗೆ ಹೊಸ ಮನೆ ಕಟ್ಟಲು ಸಾಮಾನ್ಯವಾಗಿ ಬಿಡುವುದಿಲ್ಲ. ಲಂಡನ್ನಿನ ಮಗ್ಗುಲಲ್ಲಿ, ಅಂಗೈಯಗಲ ಜಾಗಕ್ಕೂ ಚಿನ್ನದ ಬೆಲೆ ಇರುವಲ್ಲಿ, ಇದು ಸಣ್ಣ ಮಾತಲ್ಲ.

ಆಕೆ ತಟ್ಟನೆ ಬೆರಳು ತೋರಿಸಿದರು. ಗೋರ್ಸ್ ಪೊದೆಯ ತುದಿಯಲ್ಲಿ ಗುಬ್ಬಿಗಿಂತ ಚಿಕ್ಕ ಹಕ್ಕಿ: ಬೂದು ಬೆನ್ನು, ದ್ರಾಕ್ಷಾರಸದ ಬಣ್ಣದ ಎದೆ, ಕೆಂಪು ಕಣ್ಣು, ಮೈಯಷ್ಟೇ ಉದ್ದದ ಬಾಲ ನಿಮಿರಿಸಿಕೊಂಡಿತ್ತು. ಡಾರ್ಟ್‌ಫರ್ಡ್ ವಾರ್ಬ್ಲರ್. ಹುಳು ತಿಂದು ಬದುಕುವ ಈ ಹಕ್ಕಿ ಚಳಿಗಾಲದಲ್ಲೂ ವಲಸೆ ಹೋಗುವುದಿಲ್ಲ. 1962-63ರ ಕಡುಚಳಿಯ ನಂತರ ಬ್ರಿಟನ್ನಿನಲ್ಲೆಲ್ಲ ಸುಮಾರು 10 ಜೋಡಿಗಳಷ್ಟೇ ಉಳಿದಿದ್ದವು. ಹೀತ್‌ಗಳನ್ನು ಕಾಪಾಡಿಕೊಂಡದ್ದರಿಂದಲೂ ಚಳಿ ತಗ್ಗಿದ್ದರಿಂದಲೂ 2006ರ ಹೊತ್ತಿಗೆ ಮೂರು ಸಾವಿರ ಜೋಡಿ ದಾಟಿದ್ದವು. ಹಕ್ಕಿ ಎರಡು ಸಲ ಬಾಲ ಕುಣಿಸಿ ಪೊದೆಯೊಳಗೆ ಇಳಿಯಿತು.

ಅಪ್ಪ ಆ ಪೊದೆಯನ್ನೇ ನೋಡುತ್ತಿದ್ದರು. "ನಮ್ಮ ಕಾವಲೂ ಹಿಂಗೇ ಇತ್ತು. ನೀಲಗಿರಿ ಹಾಕಿದ್ರಲ್ಲ, ಅವತ್ತು ಗುಂಡಿ ತೋಡಿದ್ದು ನಾನೇ ಕಣಪ್ಪ."

ಈ ಮಾತನ್ನು ನಾನು ಆಕೆಗೆ ಇಂಗ್ಲಿಷಿನಲ್ಲಿ ಹೇಳಲಿಲ್ಲ. ಹೇಳಬೇಕಿತ್ತೇನೋ ಎಂದು ಈಗ ಅನ್ನಿಸುತ್ತದೆ. ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ದನಗಳಿಗೆಂದು ಕಾಯ್ದಿಟ್ಟ ಕಾವಲುಗಳಲ್ಲಿ ನಮ್ಮೂರ ಪಕ್ಕದ್ದೂ ಒಂದು. ಕರಡದ ಹುಲ್ಲು, ಬಂದರಿಕೆ, ತಂಗಡಿ, ಸಂಜೆಗೆ ಗೌಜಲಕ್ಕಿಯ ಕೂಗು, ಕತ್ತಲಾದ ಮೇಲೆ ನತ್ತಿಂಗ. ಸರ್ಕಾರಿ ಕಾಗದಗಳಲ್ಲಿ ಅಂಥ ನೆಲದ ಹೆಸರು ಪಾಳು. 1980ರ ದಶಕದಲ್ಲಿ ರಾಜ್ಯದ ಉದ್ದಗಲಕ್ಕೂ ಹಸಿರು ಮಾಡುವ ಉತ್ಸಾಹದಲ್ಲಿ ನೀಲಗಿರಿ ನೆಟ್ಟರು. ಅದಕ್ಕೂ ಮುಂಚೆಯೇ ರಾಣೆಬೆನ್ನೂರಿನ ಕೃಷ್ಣಮೃಗಗಳ ಬಯಲಿಗೂ ನೀಲಗಿರಿ ಹೊಕ್ಕಿತ್ತು. ಅಲ್ಲಿದ್ದ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಈಗ ಅಲ್ಲಿಲ್ಲ. ಅಪ್ಪ ಆಗ ಮೂವತ್ತರ ಆಳು, ದಿನಗೂಲಿಗೆ ಹೋದರು, ಒಳ್ಳೆಯ ಕೆಲಸವೆಂದೇ ನಂಬಿದ್ದರು. ನಾನೂ ಶಾಲೆಯಲ್ಲಿ ವನಮಹೋತ್ಸವದ ಭಾಷಣಕ್ಕೆ ಬಹುಮಾನ ಗಳಿಸಿದವನೇ. ಮರವಿಲ್ಲದ ನೆಲ ಸತ್ತ ನೆಲ ಎಂದು ನಮಗೆ ಕಲಿಸಿದ್ದರು. ಆ ಪಾಠವನ್ನು ಬರೆದವರು ಒಂದು ಸಂಜೆಯಾದರೂ ಕಾವಲಿನಲ್ಲಿ ಕುಳಿತಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಅಪ್ಪನದು ತಪ್ಪೆಂದು ನಾನು ಒಪ್ಪುವುದಿಲ್ಲ, ಆದರೆ ಅವರೇ ಒಪ್ಪಿಕೊಂಡಂತೆ ಆಡಿದ ಆ ಮಾತಿಗೆ ನನ್ನಲ್ಲಿ ಉತ್ತರವೂ ಇಲ್ಲ.

ಬುಧವಾರ ರಾತ್ರಿ ಅಪ್ಪ ಊರಿಗೆ ಫೋನ್ ಮಾಡಿ ಚಿಕ್ಕಪ್ಪನ ಜೊತೆ ಮಾತನಾಡುತ್ತಿದ್ದರು. ಮಳೆ, ಕೊಬ್ಬರಿಯ ದರ ಎಲ್ಲ ಆದ ಮೇಲೆ, ಹೋದ ವರ್ಷ ಕಾವಲಿನ ನೀಲಗಿರಿ ಕಡಿದರಲ್ಲ, ಬುಡ ಕಿತ್ತರೋ ಹಾಗೇ ಬಿಟ್ಟರೋ ಎಂದು ಕೇಳಿದರು. ಸ್ಪೀಕರಿನಲ್ಲಿ ಚಿಕ್ಕಪ್ಪನ ದನಿ ನನಗೂ ಕೇಳಿಸಿತು.

"ಬುಡ ಯಾರು ಕೀಳ್ತಾರಣ್ಣ? ಆಗಲೇ ಚಿಗುರಿ ಎದೆಮಟ್ಟ ಬಂದವೆ."