ನೂರಾ ಒಂದನೇ ಕೇಳುಗ

ಹೋದ ವಾರ ಒಂದು ಮದುವೆ ಮನೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಹೆಂಡತಿಯ ಸೋದರಮಾವ ಕೂತಿದ್ದರು. "ಏನ್ರೀ ಅಳಿಯಂದ್ರೆ, ನಿಮ್ಮ ರೇಡಿಯೊ ಹೇಗೆ ನಡೀತಿದೆ?" ಅಂದರು. "ನಿಲ್ಲಿಸಿಬಿಟ್ಟೆ ಮಾವ, ಮೂರು ತಿಂಗಳಾಯ್ತು" ಅಂದೆ. "ಅಯ್ಯೋ, ಯಾಕ್ರೀ? ಎಷ್ಟು ಚೆನ್ನಾಗಿ ಬರ್ತಿತ್ತು!" ಅಂದರು. ಒಂದು ದಿನವೂ ಕೇಳಿದವರಲ್ಲ. ಅವರ ಫೋನಿಗೆ ಆ್ಯಪ್ ಹಾಕಿಕೊಟ್ಟಿದ್ದು ನಾನೇ, ಅದು ಒಂದು ಸಲವೂ ತೆರೆದಿಲ್ಲ ಅಂತ ನನಗೆ ಗೊತ್ತು. ಅಷ್ಟರಲ್ಲಿ ಒಬ್ಬಟ್ಟು ಬಡಿಸುವವರು ಬಂದರು, ಮಾತು ಅಲ್ಲಿಗೆ ಮುಗಿಯಿತು.

ಆದರೆ ಆ "ಯಾಕ್ರೀ" ಒಂದು ವಾರದಿಂದ ತಲೆಯಲ್ಲೇ ಇದೆ. ಅದಕ್ಕೇ ಬರೀತಿದ್ದೇನೆ.

2014ರಲ್ಲಿ ಸಾಫ್ಟ್‌ವೇರ್ ಕೆಲಸ ಬಿಟ್ಟು ಮೈಸೂರಿಗೆ ಬಂದೆ, ಇಂಟರ್ನೆಟ್‌ನಲ್ಲಿ ಒಂದು ಕನ್ನಡ ರೇಡಿಯೊ ನಡೆಸೋಣ ಅಂತ. ಕೈಯಲ್ಲಿ ಪಿಎಫ್ ದುಡ್ಡಿತ್ತು. ಸರಸ್ವತಿಪುರಂನಲ್ಲಿ ಮಹಡಿ ಮೇಲಿನ ಒಂದು ರೂಮು, ಸೆಕೆಂಡ್ ಹ್ಯಾಂಡ್ ಮಿಕ್ಸರ್, ಎರಡು ಮೈಕು, ಗೋಡೆಗೆ ಒರಗಿಸಿದ ಹಳೇ ಹತ್ತಿ ಹಾಸಿಗೆಗಳು. ಕೆಳಗಿನ ಮನೆಯವರ ಕುಕ್ಕರ್ ವಿಶಲ್ ನಮ್ಮ ಬೆಳಗಿನ ಕಾರ್ಯಕ್ರಮದಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಎಫ್‌ಎಂ ಲೈಸೆನ್ಸ್ ಅಂದರೆ ಹರಾಜು, ಕೋಟಿಗಟ್ಟಲೆ ದುಡ್ಡು. ಇಂಟರ್ನೆಟ್ ರೇಡಿಯೊಗೆ ತರಂಗಾಂತರವೂ ಬೇಡ, ಟವರೂ ಬೇಡ. ದನಿಯನ್ನು ಇಂಟರ್ನೆಟ್‌ನಲ್ಲಿ ಕೇಳುಗರಿಗೆ ಕಳಿಸೋಕೆ ಐಸ್‌ಕಾಸ್ಟ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಇದೆ, ಹೊರದೇಶದಲ್ಲಿ ಒಂದು ಸರ್ವರ್ ಬಾಡಿಗೆಗೆ ಸಿಗುತ್ತೆ, ಮುಗೀತು. ಹೀಗಂತ ನಾನೂ ನಂಬಿದ್ದೆ, ನನ್ನ ಜೊತೆ ದುಡ್ಡು ಹಾಕಿದ ಗೆಳೆಯನನ್ನೂ ನಂಬಿಸಿದ್ದೆ.

ಒಂದು ವಿಷಯ ಮಾತ್ರ ಆಗ ತಲೆಗೆ ಹೋಗಿರಲಿಲ್ಲ. ಟವರ್ ನಿಲ್ಲಿಸೋದಕ್ಕೆ ಖರ್ಚು ಜಾಸ್ತಿ, ನಿಜ. ಆದರೆ ಒಮ್ಮೆ ನಿಂತ ಮೇಲೆ ಹತ್ತು ಜನ ಕೇಳಲಿ, ಹತ್ತು ಲಕ್ಷ ಜನ ಕೇಳಲಿ, ಟವರ್‌ಗೆ ಕರೆಂಟ್ ಬಿಲ್ ಅಷ್ಟೇ. ಇಂಟರ್ನೆಟ್ ರೇಡಿಯೊ ಇದಕ್ಕೆ ಪೂರ್ತಿ ಉಲ್ಟಾ. ಕೇಳುವ ಪ್ರತಿಯೊಬ್ಬರಿಗೂ ಸರ್ವರ್‌ನಿಂದ ಬೇರೆ ಬೇರೆ ಪೈಪ್ ಹೋಗುತ್ತೆ. 64 ಕೆಬಿಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ 64 ಕಿಲೋಬಿಟ್ ವೇಗದಲ್ಲಿ, ಒಬ್ಬರು ಒಂದು ಗಂಟೆ ಕೇಳಿದರೆ ಸುಮಾರು 29 ಎಂಬಿ. ದಿನಕ್ಕೆ ಎರಡು ಗಂಟೆಯಂತೆ ತಿಂಗಳಿಗೆ ಒಂದೂ ಮುಕ್ಕಾಲು ಜಿಬಿ. ಐನೂರು ಜನ ಹಾಗೆ ಕೇಳಿದರೆ ಹತ್ತಿರ ಹತ್ತಿರ 860 ಜಿಬಿ. ಕೇಳುಗರು ಹೆಚ್ಚಿದಷ್ಟೂ ಬಿಲ್ ಹೆಚ್ಚುತ್ತೆ. ಕೇಳುವವರ ಕಡೆಗೂ ಖರ್ಚೇ. ಆಗ ಮೊಬೈಲ್‌ನಲ್ಲಿ ಒಂದು ಜಿಬಿ 3ಜಿಗೆ 250 ರೂಪಾಯಿ ಆಸುಪಾಸು. ಅಂದರೆ ನನ್ನ "ಉಚಿತ" ರೇಡಿಯೊ ಕೇಳೋಕೆ ಗಂಟೆಗೆ ಏಳು ರೂಪಾಯಿ. ಅದೇ ಫೋನಿಗೆ ಇಯರ್‌ಫೋನ್ ಚುಚ್ಚಿದರೆ ಎಫ್‌ಎಂ ಪುಕ್ಕಟೆ ಬರ್ತಿತ್ತು.

ನಾವು ಮೊದಲು ತಗೊಂಡಿದ್ದು 100 ಸ್ಲಾಟಿನ ಪ್ಲಾನ್. ಸ್ಲಾಟ್ ಅಂದರೆ ಒಂದೇ ಹೊತ್ತಿಗೆ ಎಷ್ಟು ಜನ ಕೇಳಬಹುದು ಅನ್ನೋ ಲೆಕ್ಕ, ಬಸ್ಸಿನ ಸೀಟಿನ ಹಾಗೆ. ಸಾಮಾನ್ಯ ದಿನಗಳಲ್ಲಿ ಅರವತ್ತು ದಾಟುತ್ತಿರಲಿಲ್ಲ. 2015ರ ನವೆಂಬರ್ 1, ಭಾನುವಾರ. ಬೆಳಗ್ಗೆ ಏಳಕ್ಕೆ ರಾಜ್ಯೋತ್ಸವದ ಕಾರ್ಯಕ್ರಮ ಶುರು ಮಾಡಿದೆವು. ಇಲ್ಲಿ ಏಳು ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಶನಿವಾರ ಸಂಜೆ ಆರೂವರೆ, ನಮ್ಮ ಕೇಳುಗರಲ್ಲಿ ಅರ್ಧಕ್ಕರ್ಧ ಅಲ್ಲಿನವರೇ. ಪರದೆ ಮೇಲಿನ ಅಂಕಿ 72, 88, 97 ಅಂತ ಏರ್ತಾ ಇತ್ತು. ನಾನು ಮೈಕ್ ಮುಂದೆ ಕೂತು ಮಾತಾಡ್ತಾನೇ ಗೆಳೆಯನ ಕಡೆ ಹೆಬ್ಬೆಟ್ಟು ತೋರಿಸ್ತಿದ್ದೆ. 100ಕ್ಕೆ ಬಂದು ನಿಂತಿತು. ಒಂದು ಗಂಟೆ ಹಾಗೇ ನಿಂತಿತ್ತು. ಆಮೇಲೆ ಮೇಲ್ ನೋಡಿದರೆ, "ನಿಮ್ಮ ಸ್ಟೇಷನ್ ಓಪನ್ನೇ ಆಗ್ತಿಲ್ಲ", "ಪಕ್ಕದ ಮನೇಲಿ ಬರ್ತಿದೆ, ನಮ್ಮನೇಲಿ ಬರ್ತಿಲ್ಲ". ನೂರಾ ಒಂದನೆಯವರಿಗೆ ಏನೂ ಕೇಳಿಸಿರಲಿಲ್ಲ.

ಬುದ್ಧಿ ಇದ್ದವರು ಏನು ಮಾಡ್ತಿದ್ದರೋ. ನಾವು ಅವತ್ತೇ 500 ಸ್ಲಾಟಿನ ಪ್ಲಾನಿಗೆ ಹೋದೆವು. ತಿಂಗಳ ಬಿಲ್ ನಾಲ್ಕು ಪಟ್ಟಾಯಿತು. ಮುಂದಿನ ತಿಂಗಳಿಂದ ಮತ್ತೆ ಅದೇ ಅರವತ್ತು ಜನ. 440 ಖಾಲಿ ಸೀಟಿಗೆ ಬಾಡಿಗೆ ಕಟ್ಟಿಕೊಂಡು ಮುಂದಿನ ರಾಜ್ಯೋತ್ಸವಕ್ಕೆ ಕಾದೆವು.

2016ರ ಜನವರಿ ಕೊನೆಯಲ್ಲಿ ಅಮೆರಿಕದ ಲೈವ್365 ಅನ್ನೋ ಇಂಟರ್ನೆಟ್ ರೇಡಿಯೊ ಕಂಪನಿ ಬಾಗಿಲು ಹಾಕಿತು. 1999ರಿಂದ ಇದ್ದದ್ದು, ಸಾವಿರಾರು ಸಣ್ಣ ಸ್ಟೇಷನ್‌ಗಳು ಅದರ ಮೇಲೆ ನಡೀತಿದ್ದವು. ಸಣ್ಣ ಇಂಟರ್ನೆಟ್ ರೇಡಿಯೊದವರಿಗೆ ಅಲ್ಲಿ ರಾಯಲ್ಟಿಯಲ್ಲಿ, ಅಂದರೆ ಹಾಡಿನ ಹಕ್ಕಿಗೆ ಕಟ್ಟೋ ದುಡ್ಡಿನಲ್ಲಿ, ಇದ್ದ ರಿಯಾಯಿತಿ 2015ರ ಕೊನೆಗೆ ಮುಗಿದಿತ್ತು, ಹೊಸ ದರ ಕಟ್ಟಿ ಉಳಿಯೋದು ಸಾಧ್ಯವಿರಲಿಲ್ಲ. ಅದರ ಹೆಸರು ಉಳಿಸಿಕೊಂಡು 2017ರಲ್ಲಿ ಬೇರೆಯವರು ಮತ್ತೆ ಶುರು ಮಾಡಿದರು, ಅದು ಬೇರೆ ಕಥೆ. ಸುದ್ದಿ ಓದಿ ನನಗೆ ಏನನ್ನಿಸಿತು ಗೊತ್ತಾ? ಸದ್ಯ, ಆ ಕೇಳುಗರಲ್ಲಿ ನಾಲ್ಕು ಜನ ನಮ್ಮ ಕಡೆ ಬರ್ತಾರೆ ಅಂತ ಖುಷಿ. ಪಕ್ಕದ ಮನೆಗೆ ಬೆಂಕಿ ಬಿದ್ದಾಗ ಚಳಿ ಕಾಯಿಸಿಕೊಂಡ ಹಾಗೆ.

ಬೆಂಕಿ ನಮ್ಮ ಮನೆಗೂ ಬಂತು. ನಾವು ಸಿನಿಮಾ ಹಾಡು ಹಾಕ್ತಿದ್ದೆವು. ಸುಮ್ನೆ ಹಾಕ್ತಿದ್ದೆವು, ಯಾರನ್ನೂ ಕೇಳಿರಲಿಲ್ಲ, ಅದು ನಮ್ಮದೇ ತಪ್ಪು. ಒಂದು ದಿನ ವಕೀಲರಿಂದ ರಿಜಿಸ್ಟರ್ಡ್ ಪೋಸ್ಟ್ ಬಂತು. ಆಗ ಕೂತು ಓದಿದೆ. ಒಂದು ಹಾಡಿನಲ್ಲಿ ಎರಡು ಹಕ್ಕು, ಧ್ವನಿಮುದ್ರಣದ್ದು ಒಂದು, ಸಾಹಿತ್ಯ ಸಂಗೀತದ್ದು ಇನ್ನೊಂದು. ಎಫ್‌ಎಂನವರಿಗೆ 2010ರಲ್ಲಿ ಕಾಪಿರೈಟ್ ಬೋರ್ಡ್ ಜಾಹೀರಾತಿನ ನಿವ್ವಳ ಆದಾಯದಲ್ಲಿ ಶೇಕಡಾ 2 ಕೊಟ್ಟರೆ ಸಾಕು ಅಂದಿತ್ತು. ಆದಾಯ ಸೊನ್ನೆ ಆದರೆ ಶೇಕಡಾ 2 ಎಷ್ಟಾಗುತ್ತೆ ಅಂತ ನಾನು ಆಸೆಯಿಂದ ಲೆಕ್ಕ ಹಾಕಿದೆ! 2012ರ ತಿದ್ದುಪಡಿಯಲ್ಲಿ ರೇಡಿಯೊ, ಟಿವಿಯವರು ನಿಗದಿತ ದರ ಕೊಟ್ಟು ಹಾಡು ಹಾಕಬಹುದು ಅಂತ 31ಡಿ ಅನ್ನೋ ಕಲಮು ಬಂತು. ಅದು ಇಂಟರ್ನೆಟ್‌ಗೂ ಅನ್ವಯಿಸುತ್ತಾ ಇಲ್ವಾ ಅಂತ ಚರ್ಚೆ ನಡೀತಾನೇ ಇತ್ತು. 2019ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್ ಇಲ್ಲ ಅಂದಿತು. ಅಂದರೆ ನನ್ನಂಥವನು ಒಬ್ಬೊಬ್ಬ ಮಾಲೀಕರ ಹತ್ತಿರ ಹೋಗಿ, ಅವರು ಹೇಳಿದ ರೇಟಿಗೆ ಒಪ್ಪಬೇಕು.

ಅಷ್ಟರಲ್ಲಿ ನಾವು ಸಿನಿಮಾ ಹಾಡು ಬಿಟ್ಟಾಗಿತ್ತು. ಕೇಳುಗರು ಅರ್ಧಕ್ಕೆ ಇಳಿದರು. ಉಳಿದ ಹೊತ್ತು ತುಂಬೋಕೆ ಮಾತು, ಜಾನಪದ, ಹರಿಕಥೆ. ಹಾಡುವವರ ಮನೆಗೇ ಹೋಗಿ ಒಪ್ಪಿಗೆ ಬರೆಸಿಕೊಂಡು ರೆಕಾರ್ಡ್ ಮಾಡ್ತಿದ್ದೆ. ನಂಜನಗೂಡಿನ ಹತ್ತಿರದ ಒಂದು ಹಳ್ಳಿಯಲ್ಲಿ ಅಜ್ಜಿಯೊಬ್ಬರು ಒಂದೂವರೆ ಗಂಟೆ ಸೋಬಾನೆ ಹಾಡಿ, ಕೊನೆಗೆ ಮೈಕ್ ತೋರಿಸಿ, "ಇದರೊಳಗೆ ಎಷ್ಟು ಹಾಡು ಹಿಡೀತದೆ ಮಗಾ?" ಅಂದರು. ನಾನು ಮಾಡಿದ ಕೆಲಸದಲ್ಲಿ ಒಳ್ಳೇದು ಯಾವುದು ಅಂದರೆ ಇವತ್ತಿಗೂ ಅದನ್ನೇ ಹೇಳ್ತೀನಿ. ಅದರಿಂದ ಒಂದು ರೂಪಾಯಿ ಬರಲಿಲ್ಲ.

ದುಡ್ಡು ಬಂದ ದಾರಿಯೇ ಬೇರೆ. ಜಾಹೀರಾತು ಕೇಳೋಕೆ ಅಂತ ಒಂದು ಸೀರೆ ಅಂಗಡಿಗೆ ಹೋಗಿದ್ದೆ. ಲ್ಯಾಪ್‌ಟಾಪ್‌ನಲ್ಲಿ ಭೂಪಟ ತೋರಿಸಿದೆ, ನೋಡಿ ಸಾರ್, ಕ್ಯಾಲಿಫೋರ್ನಿಯಾ, ಸಿಂಗಪುರ, ದುಬೈ. ಯಜಮಾನರು ಕನ್ನಡಕ ಏರಿಸಿಕೊಂಡು ನೋಡಿದರು. "ಚೆನ್ನಾಗಿದೆ. ಇವರೆಲ್ಲ ಬಂದು ನನ್ನಂಗಡೀಲಿ ಸೀರೆ ತಗೋತಾರಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಎದ್ದು ಹೊರಡುವಾಗ ಅವರೇ ಕರೆದರು. "ನಿಮ್ಮ ದನಿ ಚೆನ್ನಾಗಿದೆ ಕಣ್ರೀ. ಆಷಾಢ ಸೇಲ್‌ಗೆ ಆಟೋ ಪ್ರಚಾರ ಮಾಡಿಸ್ತಿದ್ದೀನಿ. ಅದಕ್ಕೊಂದು ರೆಕಾರ್ಡಿಂಗ್ ಮಾಡಿಕೊಡ್ತೀರಾ?"

ಆಟೋ ಮೇಲೆ ಮೈಕ್ ಕಟ್ಟಿಕೊಂಡು, ಬನ್ನಿ ಬನ್ನಿ ಅಂತ ಕೂಗಿಕೊಂಡು ಹೋಗ್ತಾರಲ್ಲ, ಅದು. ನಾನು ರೇಡಿಯೊ ಮಾಡಬೇಕು ಅಂತ ಕನಸು ಕಟ್ಟಿದ್ದು 2001ರಲ್ಲಿ, ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾದಾಗ. ಹದಿನೈದು ವರ್ಷ ಆದಮೇಲೆ ನನ್ನ ದನಿ ದೇವರಾಜ ಅರಸ್ ರಸ್ತೆಯಲ್ಲಿ ಆಟೋದಲ್ಲಿ ಓಡಾಡ್ತಿತ್ತು. 3,500 ರೂಪಾಯಿ ಕೊಟ್ಟರು, ಕ್ಯಾಷ್. ಮುಖ ಇಳಿಬಿಟ್ಟುಕೊಂಡು ಮನೆಗೆ ಬಂದೆ. ಹೆಂಡತಿ ನೋಟು ಎಣಿಸಿ, "ರೀ, ಎರಡು ವರ್ಷದಲ್ಲಿ ನಿಮ್ಮ ರೇಡಿಯೊಯಿಂದ ಮನೆಗೆ ಬಂದ ಮೊದಲ ದುಡ್ಡು ಇದು. ಯಾರೋ ಸತ್ತೋದ ಹಾಗೆ ಯಾಕೆ ಕೂತಿದ್ದೀರಾ?" ಅಂದಳು.

ಅವಳ ಮಾತು ಅವತ್ತೇ ಕೇಳಬೇಕಿತ್ತು. ಕೇಳಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂತು, ಡೇಟಾ ಅಗ್ಗವಾಯಿತು, ಇನ್ನು ಇಲ್ಲೇ ಜನ ಕೇಳ್ತಾರೆ ಅಂತ ಮತ್ತೆ ಆಸೆ. ಎಲ್ಲರೂ ಆ್ಯಪ್ ಮಾಡಿಸಿ ಅಂದರು. 1,40,000 ಕೊಟ್ಟು ಮಾಡಿಸಿದೆವು. ಅಗ್ಗದ ಫೋನುಗಳಲ್ಲಿ ಬ್ಯಾಟರಿ ಉಳಿಸೋಕೆ ಅಂತ ಫೋನೇ ಹಿಂದೆ ನಡೀತಿರೋ ಆ್ಯಪ್‌ಗಳನ್ನು ಕೊಂದುಹಾಕುತ್ತೆ. ಸ್ಕ್ರೀನ್ ಆರಿದರೆ ರೇಡಿಯೊ ಬಂದ್. ಅಡುಗೆ ಮಾಡ್ತಾ ಕೇಳುವವರು ಐದು ನಿಮಿಷಕ್ಕೊಮ್ಮೆ ಒದ್ದೆ ಕೈಯಲ್ಲಿ ಫೋನ್ ಮುಟ್ಟಬೇಕು. ಯಾರು ಮುಟ್ತಾರೆ? ಇನ್ನು ಡೇಟಾ ಅಗ್ಗವಾದ ಮೇಲೆ ಜನ ವಿಡಿಯೊ ನೋಡಿದರು. ರೇಡಿಯೊ ಕೇಳೋಕೆ ಅಂತ ಯಾರೂ ಡೇಟಾ ಹಾಕಿಸಿರಲಿಲ್ಲ. ಗೆಳೆಯ ಆ ವರ್ಷ ಹೊರಗೆ ಹೋದ. ಜಗಳ ಆಗಲಿಲ್ಲ. ಅವನ ಪಾಲಿನ ದುಡ್ಡನ್ನು ಮೂರು ವರ್ಷದಲ್ಲಿ ಕಂತು ಕಂತಾಗಿ ತೀರಿಸಿದೆ.

ತಿಂಗಳಿಗೆ ಐದು ಡಾಲರ್ ಕೊಡಿ ಅಂತ ಕೇಳುಗರನ್ನೂ ಕೇಳಿ ನೋಡಿದೆ. ಕಣ್ಣಲ್ಲಿ ನೀರು ಬರೋ ಹಾಗೆ ಮೇಲ್ ಬರೆದವರು ಬಹಳ ಜನ. ಕೊಟ್ಟವರು 23 ಜನ. ಬೇಜಾರಿಲ್ಲ, ನಾನೂ ಎಷ್ಟೋ ಕಡೆ ಲೈಕ್ ಒತ್ತಿ ಮುಂದೆ ಹೋಗ್ತೀನಿ.

ಯಾದವಗಿರಿಯಲ್ಲಿ ಆಕಾಶವಾಣಿ ಮುಂದೆ ಹೋಗುವಾಗಲೆಲ್ಲ ಎಂ.ವಿ. ಗೋಪಾಲಸ್ವಾಮಿ ನೆನಪಾಗ್ತಾರೆ. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್. 1935ರಲ್ಲಿ ಅಲ್ಲೇ ಹತ್ತಿರದ ತಮ್ಮ ಮನೆಯಲ್ಲಿ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೊ ಶುರು ಮಾಡಿದರು, ಕೈಯಿಂದ ದುಡ್ಡು ಹಾಕಿ. ಆಕಾಶವಾಣಿ ಅನ್ನೋ ಹೆಸರು ಆ ಮನೆಯದು, ಆಮೇಲೆ ದೇಶಕ್ಕೇ ಆಯಿತು. ಒಬ್ಬ ಮನುಷ್ಯನ ಸಂಬಳದಲ್ಲಿ ಎಷ್ಟು ದಿನ ನಡೆಯುತ್ತೆ? ಕೊನೆಗೆ ಮೈಸೂರು ಸರ್ಕಾರ ವಹಿಸಿಕೊಂಡಿತು. ಅವರಿಗೊಂದು ಸಂಬಳ ಇತ್ತು, ಸ್ಟೇಷನ್ನಿಗೆ ಮಹಾರಾಜರ ಸರ್ಕಾರ ಇತ್ತು. ನನಗೆ ಇದ್ದದ್ದು ಆಷಾಢ ಸೇಲ್.

ತಮಾಷೆಗೆ ಹೇಳ್ತಿಲ್ಲ. ಆ ಸೀರೆ ಅಂಗಡಿ ಕೆಲಸ ನೋಡಿ ಇನ್ನೊಬ್ಬರು ಬಂದರು. ಆಮೇಲೆ ಒಂದು ಫ್ಯಾಕ್ಟರಿಯವರು ಕಾರ್ಮಿಕರಿಗೆ ಸುರಕ್ಷತೆಯ ಸೂಚನೆ ಕನ್ನಡದಲ್ಲಿ ಬೇಕು ಅಂದರು. ಫೋನ್ ಮಾಡಿದರೆ "ಕನ್ನಡಕ್ಕಾಗಿ ಒಂದನ್ನು ಒತ್ತಿ" ಅನ್ನುತ್ತಲ್ಲ, ಅಂಥವು ಮೂರ್ನಾಲ್ಕು ಮಾಡಿದೆ. ಆಡಿಯೊ ಪುಸ್ತಕಗಳು ಬಂದವು. ಈ ಕೆಲಸದಲ್ಲೂ ಸುಖ ಏನಿಲ್ಲ. ಬಿಲ್ ಕೊಟ್ಟು ಮೂರು ತಿಂಗಳು ಕಾಯಬೇಕು, ಟಿಡಿಎಸ್ ಮುರಿದುಕೊಂಡೇ ಕೊಡ್ತಾರೆ, ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ. ಈಗ ಅರ್ಧ ಅಡ್ವಾನ್ಸ್ ಇಲ್ಲದೆ ಮೈಕ್ ಆನ್ ಮಾಡಲ್ಲ. ಆದರೆ ಇಲ್ಲಿ ಕೆಲಸ ಹೆಚ್ಚಿದರೆ ದುಡ್ಡು ಹೆಚ್ಚುತ್ತೆ. ರೇಡಿಯೊದಲ್ಲಿ ಎಂದೂ ಕಾಣದ ಲೆಕ್ಕ ಇದು, ಮೊದಮೊದಲು ನಂಬಿಕೆಯೇ ಬರ್ತಿರಲಿಲ್ಲ. ಯಾರಾದರೂ ಏನು ಕೆಲಸ ಅಂದರೆ ಮಾತ್ರ ಆಗಲೂ ಹೇಳ್ತಿದ್ದದ್ದು "ರೇಡಿಯೊ ನಡೆಸ್ತೀನಿ" ಅಂತಲೇ. ಇದರಲ್ಲಿ ದುಡಿದು ಅದಕ್ಕೆ ಸುರೀತಿದ್ದೆ.

2021ರ ಅಕ್ಟೋಬರ್‌ನಲ್ಲಿ ಕಾರ್ಡ್‌ನಿಂದ ತಾನಾಗೇ ದುಡ್ಡು ಕಟ್ ಆಗೋ ನಿಯಮ ಬದಲಾಯಿತು. ಹೊರದೇಶದ ಸರ್ವರ್‌ನ ಬಿಲ್ ಕಾರ್ಡಿನಿಂದ ಹೋಗಲಿಲ್ಲ. ಅವರು ಎರಡು ಸಲ ಮೇಲ್ ಕಳಿಸಿದ್ದರು, ನಾನು ಆಡಿಯೊ ಪುಸ್ತಕದ ಗಡಿಬಿಡಿಯಲ್ಲಿ ನೋಡಿರಲಿಲ್ಲ. ಸ್ಟ್ರೀಮ್ ನಿಂತುಹೋಯಿತು. ಎರಡೂವರೆ ದಿನ ನಿಂತಿತ್ತು. ನನಗೇ ಗೊತ್ತಾಗಲಿಲ್ಲ, ಅಂದರೆ ನಾನೇ ನನ್ನ ರೇಡಿಯೊ ಕೇಳೋದು ಬಿಟ್ಟು ಎಷ್ಟು ಕಾಲವಾಗಿತ್ತೋ! ಮೂರನೇ ದಿನ ಇನ್‌ಬಾಕ್ಸ್ ತೆರೆದರೆ ಎರಡು ಪತ್ರ. ಒಂದು, ನಿಮ್ಮ ವೆಬ್‌ಸೈಟನ್ನು ಗೂಗಲ್‌ನಲ್ಲಿ ಮೊದಲ ಸ್ಥಾನಕ್ಕೆ ತರ್ತೀವಿ ಅನ್ನೋದು. ಇನ್ನೊಂದು ಮಸ್ಕತ್‌ನಿಂದ, ಕುಂದಾಪುರ ಕಡೆಯವರು, ರಾತ್ರಿ ಪಾಳಿಯ ಸೆಕ್ಯೂರಿಟಿ ಕೆಲಸ. "ರೇಡಿಯೊ ಬರ್ತಾ ಇಲ್ಲ ಮಾರ್ರೆ, ಎಂತ ಆಯ್ತು? ನೀವು ಹುಷಾರಿದ್ದೀರಲ್ಲ?"

ದುಡ್ಡು ಕಟ್ಟಿ ಮತ್ತೆ ಶುರು ಮಾಡಿದೆ. ಅವರೊಬ್ಬರಿಗೋಸ್ಕರ ಅಂತ ಹೇಳಿದರೆ ಸುಳ್ಳಾಗುತ್ತೆ, ನನ್ನ ಹಟಕ್ಕೇ ಇನ್ನಷ್ಟು ಕಾಲ ಎಳೆದೆ. ಮೂರು ತಿಂಗಳ ಹಿಂದೆ ಡೊಮೈನ್, ಸರ್ವರ್ ಎರಡರ ವಾರ್ಷಿಕ ಬಿಲ್ ಒಟ್ಟಿಗೆ ಬಂದವು. ಅದೇ ವಾರ ಸ್ಟುಡಿಯೊಗೆ ಹೊಸ ಮೈಕ್ ಬೇಕಿತ್ತು. ಮೈಕ್ ತಗೊಂಡೆ.

ನಿಲ್ಲಿಸುವ ಮೊದಲು ಮಸ್ಕತ್‌ನವರಿಗೆ ಬರೆದೆ. ಸೋಬಾನೆ, ಹರಿಕಥೆ, ಮಾತುಕತೆ ಎಲ್ಲ ಸೇರಿ ನಾನೂರು ಚಿಲ್ಲರೆ ಫೈಲು ಇವೆ, ಲಿಂಕ್ ಕಳಿಸ್ತೀನಿ, ಇಳಿಸಿಕೊಂಡರೆ ಇಂಟರ್ನೆಟ್ ಕೂಡ ಬೇಕಾಗಲ್ಲ ಅಂದೆ. ಮಾರನೇ ದಿನ ಉತ್ತರ ಬಂತು.

"ಫೈಲ್ ಬೇಡ ಮಾರ್ರೆ. ಅದನ್ನ ನಾನೇ ಹುಡುಕಿ ಹಾಕ್ಕೊಳ್ಬೇಕು. ರೇಡಿಯೊ ಆದ್ರೆ ನೀವು ಹಾಕ್ತಿದ್ರಿ."