ಜೂನ್ ಬರುವ ಮೊದಲೇ

ಅಟ್ಲಾಂಟಿಕ್‌ನಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಫ್ಲೋರಿಡಾದಲ್ಲಿರುವ ನಾನು ಮೇ ತಿಂಗಳಲ್ಲೇ ಗ್ಯಾರೇಜಿನಿಂದ ಪ್ಲೈವುಡ್ ಹಲಗೆಗಳನ್ನು ಹೊರಗೆಳೆಯುತ್ತೇನೆ. ಪ್ರತಿಯೊಂದರ ಮೇಲೂ ಮಾರ್ಕರಿನಲ್ಲಿ ‘ಅಡುಗೆಮನೆ, ಎಡ’, ‘ಮಗಳ ಕೋಣೆ’ ಎಂದು ಬರೆದಿಟ್ಟಿದ್ದೇನೆ. ಗಾಳಿ ಎದ್ದ ಮೇಲೆ ಯಾವುದು ಯಾವ ಕಿಟಕಿಗೆ ಎಂದು ಹುಡುಕುತ್ತ ನಿಲ್ಲಲಾಗದು.

ನನಗೆ ಹೆಚ್ಚು ಚಿಂತೆ ವಿಮೆಯದು. ಸಾಮಾನ್ಯ ಮನೆವಿಮೆ ನೆರೆಹಾನಿಗೆ ಹಣ ಕೊಡುವುದಿಲ್ಲ. ಸರ್ಕಾರಿ ನೆರೆವಿಮೆ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಬೇಕು. ಬಿರುಗಾಳಿಗೆ ಹೆಸರಿಟ್ಟ ಮೇಲೆ ಓಡಿದರೆ ಪ್ರಯೋಜನವಿಲ್ಲ.

ಆಫೀಸಿನಲ್ಲಿ ಮೊನ್ನೆ ನೆಲದ ಮೇಲಿದ್ದ ಕಂಪ್ಯೂಟರುಗಳನ್ನೆಲ್ಲ ಮೇಜಿಗೇರಿಸಿದೆವು. ಎಲ್ಲರ ಫೋನ್ ನಂಬರುಗಳನ್ನು ಕಾಗದದಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಂಡೆವು.

ಜನರೇಟರನ್ನು ಮಾತ್ರ ದಯವಿಟ್ಟು ಗ್ಯಾರೇಜಿನೊಳಗೆ ಓಡಿಸಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮನೆಯಿಂದ ಕನಿಷ್ಠ 20 ಅಡಿ ದೂರವಿಡಿ.