ಮಾಸಾ ಹಿಟ್ಟು, ಜೋಳದ ಹಿಟ್ಟು ಮತ್ತು ಒಂದು ಸಣ್ಣ ಗುಳಿಗೆ

ಅಮೆರಿಕದಲ್ಲಿ ಪೋಷಕಾಂಶ ಸೇರಿಸಿ ಮಾರುವ ಗೋಧಿ ಹಿಟ್ಟು, ಬ್ರೆಡ್, ಪಾಸ್ತಾಗಳಿಗೆ ಫೋಲಿಕ್ ಆಸಿಡ್ ಬೆರೆಸಲೇಬೇಕು ಅಂತ 1998ರಿಂದ ನಿಯಮ ಇದೆ. 100 ಗ್ರಾಂ ಹಿಟ್ಟಿಗೆ 140 ಮೈಕ್ರೋಗ್ರಾಂ. ಯಾಕಂದ್ರೆ ಹೊಟ್ಟೆಯಲ್ಲಿರುವ ಕೂಸಿನ ಮಿದುಳು, ಬೆನ್ನುಹುರಿ ಆಗುವ ಕೊಳವೆ ಸರಿಯಾಗಿ ಮುಚ್ಚಿಕೊಳ್ಳಬೇಕಾದರೆ ತಾಯಿಯ ಮೈಯಲ್ಲಿ ಫೋಲೇಟ್ ಅನ್ನೋ ಬಿ ವಿಟಮಿನ್ ಇರಬೇಕು; ಫೋಲಿಕ್ ಆಸಿಡ್ ಅದರದೇ ತಯಾರಿಸಿದ ರೂಪ. ಇಲ್ಲದಿದ್ದರೆ ಕೂಸಿಗೆ ನರಕೊಳವೆ ದೋಷ ಬರುವ ಸಾಧ್ಯತೆ ಜಾಸ್ತಿ. ನಿಯಮ ಬಂದ ಮೇಲೆ ಇಂಥ ಕೂಸುಗಳ ಸಂಖ್ಯೆ ಅಲ್ಲಿ ಕಡಿಮೆ ಆಯಿತು. ಒಳ್ಳೆಯದೇ. ಆದರೆ ಮೆಕ್ಸಿಕೋ ಮೂಲದ ಮನೆಗಳಲ್ಲಿ ದಿನಾ ತಿನ್ನೋದು ಬ್ರೆಡ್ ಅಲ್ಲ, ಟೋರ್ಟಿಯಾ ಅನ್ನೋ ತೆಳು ರೊಟ್ಟಿ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರುಬ್ಬಿ ಮಾಡುವ ಮಾಸಾ ಹಿಟ್ಟಿನದು. ಆ ಹಿಟ್ಟನ್ನು ನಿಯಮದಲ್ಲಿ ಸೇರಿಸಿರಲೇ ಇಲ್ಲ.

ಅದಕ್ಕೂ ಫೋಲಿಕ್ ಆಸಿಡ್ ಬೆರೆಸಬಹುದು ಅಂತ ಅನುಮತಿ ಸಿಕ್ಕಿದ್ದು 2016ರಲ್ಲಿ, ಅಂದರೆ 18 ವರ್ಷ ತಡವಾಗಿ. ಅದೂ 'ಬೆರೆಸಬಹುದು' ಅಷ್ಟೇ, 'ಬೆರೆಸಬೇಕು' ಅಲ್ಲ, ಹಾಗಾಗಿ ಬಹಳಷ್ಟು ಕಂಪನಿಗಳು ಬೆರೆಸಲಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಕಾನೂನು ಮಾಡಿ, 2026ರ ಜನವರಿಯಿಂದ ಕಡ್ಡಾಯ ಅಂತ ಹೇಳಬೇಕಾಯಿತು.

ಇದರಲ್ಲಿ ಜೀನಿನ ಪಾಲೂ ಇದೆ. ಎಂಟಿಎಚ್‌ಎಫ್‌ಆರ್ ಅನ್ನೋ ಜೀನಿನ ಒಂದು ರೂಪ ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮೈ ಫೋಲೇಟನ್ನು ಬಳಸಿಕೊಳ್ಳುವ ಕೆಲಸ ನಿಧಾನ ಆಗುತ್ತದೆ, ಮತ್ತು ಈ ರೂಪ ಮೆಕ್ಸಿಕೋ ಮೂಲದವರಲ್ಲಿ ಬಹಳ ಸಾಮಾನ್ಯ. ಫೋಲಿಕ್ ಆಸಿಡ್ ಸಾಕಷ್ಟು ಸಿಕ್ಕರೆ ಅಂಥವರಿಗೂ ಹೆಚ್ಚಿನ ತೊಂದರೆ ಇಲ್ಲ. ಆದರೆ ಯಾರಿಗೆ ಅದರ ಅಗತ್ಯ ಜಾಸ್ತಿಯೋ ಅವರ ರೊಟ್ಟಿಗೇ ಅದು ಬೀಳಲಿಲ್ಲ. ಇದನ್ನು ಓದಿದಾಗ ನನಗೆ ಸಿಟ್ಟೇ ಬಂತು.

'ಅದು ಅವರ ರಕ್ತದಲ್ಲೇ ಇದೆ' ಅಂದುಬಿಡೋದು ಸುಲಭ. ನಮ್ಮ ಕಡೆ "ನಮ್ಮ ಮನೆತನದಾಗ ಶುಗರ್ ಐತಿ, ಏನ್ ಮಾಡೂದು" ಅಂತಾರಲ್ಲ, ಹಾಗೆ. ಜೀನಿನ ಮಾತು ಸುಳ್ಳಲ್ಲ. ಲಿವರ್‌ನಲ್ಲಿ ಕೊಬ್ಬು ತುಂಬಿಸುವ, ಪಿಎನ್‌ಪಿಎಲ್‌ಎ3 ಅನ್ನೋ ಜೀನಿನ ಒಂದು ರೂಪವನ್ನು 2008ರಲ್ಲಿ ಅಮೆರಿಕದ ಡಲ್ಲಾಸ್‌ನ ಸಂಶೋಧಕರು ಗುರುತಿಸಿದರು. ಅದು ಎಲ್ಲರಿಗಿಂತ ಹೆಚ್ಚು ಕಂಡಿದ್ದು ಹಿಸ್ಪಾನಿಕ್, ಅಂದರೆ ಮೆಕ್ಸಿಕೋ, ಕ್ಯೂಬಾದಂಥ ಸ್ಪ್ಯಾನಿಷ್ ಮಾತಿನ ನಾಡುಗಳ ಮೂಲದ ಜನರಲ್ಲೇ. ಆದರೆ ಪೀಮಾ ಜನರ ಕಥೆ ನೋಡಿ. ಅವರು ಮೂಲನಿವಾಸಿಗಳು. ಒಂದು ಗುಂಪು ಅಮೆರಿಕದ ಅರಿಝೋನಾದಲ್ಲಿದೆ, ಇನ್ನೊಂದು ಮೆಕ್ಸಿಕೋದ ಮಾಯ್ಕೋಬಾ ಅನ್ನೋ ಗುಡ್ಡಗಾಡಿನ ಊರಲ್ಲಿ. ಇಬ್ಬರ ಜೀನುಗಳೂ ಹತ್ತಿರದವು. 2006ರಲ್ಲಿ ಬಂದ ಅಧ್ಯಯನದ ಪ್ರಕಾರ ಅರಿಝೋನಾದಲ್ಲಿ ವಯಸ್ಕರ ಪೈಕಿ 38% ಜನಕ್ಕೆ ಸಕ್ಕರೆ ಕಾಯಿಲೆ, ಮಾಯ್ಕೋಬಾದಲ್ಲಿ 6.9% ಜನಕ್ಕೆ. ಮಾಯ್ಕೋಬಾದವರು ಹೊಲದಲ್ಲಿ ದುಡಿಯುತ್ತಿದ್ದರು, ಕಾಳು, ಆಲೂಗಡ್ಡೆ, ಮೆಕ್ಕೆಜೋಳ ತಿನ್ನುತ್ತಿದ್ದರು. ರಕ್ತ ಒಂದೇ ಆದರೂ ಬದುಕು ಬೇರೆ.

ಇನ್ನೊಂದು ದೊಡ್ಡ ಅಧ್ಯಯನವೂ ಇದೆ. 2008ರಿಂದ 2011ರವರೆಗೆ ಅಮೆರಿಕದ ಬ್ರಾಂಕ್ಸ್, ಶಿಕಾಗೊ, ಮಯಾಮಿ, ಸ್ಯಾನ್ ಡಿಯಾಗೋದಲ್ಲಿ 16,000ಕ್ಕೂ ಹೆಚ್ಚು ಹಿಸ್ಪಾನಿಕ್ ಜನರನ್ನು ಸೇರಿಸಿಕೊಂಡು ನಡೆದದ್ದು. ಅದರಲ್ಲಿ ನನಗೆ ಇಷ್ಟವಾಗಿದ್ದು, ಅವರು ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬಲಿಲ್ಲ. ಕ್ಯೂಬಾದವರೇ, ಮೆಕ್ಸಿಕೋದವರೇ, ಪೋರ್ಟೊ ರಿಕೋದವರೇ ಅಂತ ಕೇಳಿಕೊಂಡರು, ನಿನ್ನೆ ಏನು ತಿಂದಿರಿ ಅಂತಲೂ ಕೇಳಿದರು. ಆಗ ಗೊತ್ತಾಗಿದ್ದು, ಸಕ್ಕರೆ ಕಾಯಿಲೆ ದಕ್ಷಿಣ ಅಮೆರಿಕ ಮೂಲದವರಲ್ಲಿ ಸುಮಾರು 10%, ಮೆಕ್ಸಿಕೋ ಮೂಲದವರಲ್ಲಿ ಸುಮಾರು 18%.

ನಮ್ಮನ್ನು ಹೀಗೆ ಯಾರು ಕೇಳುತ್ತಾರೆ? ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ನಮ್ಮ ಕಾಕಾಗೆ ಶುಗರ್ ಅಂತ ಪ್ರಿಂಟ್ ಮಾಡಿದ ಡಯಟ್ ಚಾರ್ಟ್ ಕೊಟ್ಟರು. ಬೆಳಿಗ್ಗೆ ಓಟ್ಸ್ ಇಲ್ಲವೇ 2 ಇಡ್ಲಿ, ಮಧ್ಯಾಹ್ನ 2 ಚಪಾತಿ, ರಾತ್ರಿ ಮತ್ತೆ ಚಪಾತಿ. ರೊಟ್ಟಿ ಅನ್ನೋ ಪದವೇ ಇಲ್ಲ! ಗದಗ ಸೀಮೆಯ ಮನುಷ್ಯ, ಹುಟ್ಟಿದಾಗಿಂದ ಬಿಳಿಜೋಳದ ರೊಟ್ಟಿ, ಕಾಳು ಪಲ್ಯ, ಶೇಂಗಾ ಚಟ್ನಿ ತಿಂದವರು. ಚಾರ್ಟ್ ಮಡಚಿ ಪಂಚಾಂಗದೊಳಗೆ ಇಟ್ಟು ಊಟಕ್ಕೆ ಕೂತರು.

ಈಗ ಫೋಲಿಕ್ ಆಸಿಡ್ ಮಾತಿಗೇ ಬರೋಣ. ನಮ್ಮ ಜೋಳ ಹೋಗೋದು ಓಣಿಯ ಗಿರಣಿಗೆ. ಡಬ್ಬಿ ತುಂಬ ಹಾಕಿ ಕೊಡ್ತೀವಿ, ಬಿಸಿ ಹಿಟ್ಟು ತರ್ತೀವಿ. ಅಲ್ಲಿ ಯಾರೂ ಏನೂ ಬೆರೆಸುವುದಿಲ್ಲ, ಬೆರೆಸೋದು ಸುಲಭವೂ ಅಲ್ಲ. ರೊಟ್ಟಿ ಜೊತೆ ಹೆಸರುಕಾಳು, ಮೆಂತ್ಯ, ಪುಂಡಿ ಪಲ್ಯ ಇದ್ದರೆ ಒಂದಿಷ್ಟು ಫೋಲೇಟ್ ಸಿಗುತ್ತದೆ, ಕುದಿಸುವಾಗ ಒಂದಿಷ್ಟು ಹೋಗುತ್ತದೆ. ಸರ್ಕಾರ ಬೆರೆಸಿ ಕೊಟ್ಟಿದ್ದು ರೇಷನ್ ಅಕ್ಕಿಯಲ್ಲಿ: ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿ ಅಕ್ಕಿ ಹಿಟ್ಟಿನಿಂದಲೇ ಮಾಡಿದ ಕಾಳುಗಳು, 100ಕ್ಕೆ 1ರಂತೆ. ಬಣ್ಣ ಸ್ವಲ್ಪ ಬೇರೆ, ತೊಳೆಯುವಾಗ ಕೆಲವು ತೇಲುತ್ತಿದ್ದವು. ನಮ್ಮ ಅತ್ತಿ ಮೊರ ಹಿಡಿದು ಕೂತರೆ ಒಂದೊಂದೇ ಆರಿಸಿ ತೆಗೆದು ಹೊರಗೆ ಚೆಲ್ಲುತ್ತಿದ್ದರು.

"ಪ್ಲಾಸ್ಟಿಕ್ ಅಕ್ಕಿ ಕೊಡಾಕತ್ತಾರವಾ ಇವ್ರು."

ಅತ್ತಿಯನ್ನು ಬೈಯೋದು ಸುಮ್ನೆ. ಮೂಟೆ ಜೊತೆ ಎರಡು ಸಾಲು ಹೇಳುವವರು ಅಂಗಡಿಯಲ್ಲಿ ಯಾರೂ ಇರಲಿಲ್ಲ.

ಇನ್ನು ಫೋಲಿಕ್ ಆಸಿಡ್ ಗುಳಿಗೆ. ತಾಯಿ ಕಾರ್ಡ್ ಮಾಡಿಸುವಾಗ ಆಶಾ ಕಾರ್ಯಕರ್ತೆಯರು ನೆನಪಿಟ್ಟು ಕೊಡಿಸುತ್ತಾರೆ, ಅವರದೇನೂ ತಪ್ಪಿಲ್ಲ. ಆದರೆ ಆ ನರಕೊಳವೆ ಮುಚ್ಚಿಕೊಳ್ಳೋದು ಗರ್ಭ ನಿಂತ ಸುಮಾರು 28 ದಿನದೊಳಗೆ. ಎಷ್ಟೋ ಹೆಣ್ಣುಮಕ್ಕಳಿಗೆ ಮುಟ್ಟು ತಪ್ಪಿದ್ದು ಖಾತ್ರಿ ಆಗೋದೇ ಆ ಹೊತ್ತಿಗೆ. ಕಾರ್ಡ್ ಆಗೋದು ಇನ್ನೂ ಆಮೇಲೆ. ಹಾಗಾಗಿ ಗುಳಿಗೆ ಮೊದಲೇ ಶುರು ಆಗಿರಬೇಕು. ನನ್ನ ತಂಗಿಯ ಮದುವೆ ಗೊತ್ತಾದಾಗ ನಾನು ಇದನ್ನೇ ಹೇಳಿದೆ. ಮನೆ ತುಂಬ ನಗು. "ಬಸರೇ ಆಗಿಲ್ಲ, ಗುಳಗಿ ಯಾಕ?" ಅಂತ ಅತ್ತಿಯದೇ ಮೊದಲ ಪ್ರಶ್ನೆ. ನಗಲಿ ಬಿಡಿ, ಅವಳು ತಗೊಂಡಳು.

ನಿಮ್ಮ ಮನೆಯಲ್ಲೂ ಹೊಸದಾಗಿ ಮದುವೆಯಾದವರಿದ್ದರೆ ಡಾಕ್ಟರನ್ನು ಕೇಳಿ. ಸಾಮಾನ್ಯವಾಗಿ ಹೇಳೋದು ದಿನಕ್ಕೆ 400 ಮೈಕ್ರೋಗ್ರಾಂ, ಗರ್ಭ ನಿಲ್ಲೋದಕ್ಕೆ ಒಂದು ತಿಂಗಳಾದರೂ ಮುಂಚೆಯಿಂದ. ಬೆಲೆ ಬಹಳ ಕಡಿಮೆ. ಮೊದಲ ಕೂಸಿಗೆ ಈ ದೋಷ ಇದ್ದಿದ್ದರೆ ಮಾತ್ರ ಡೋಸ್ ಬೇರೆ, ಹತ್ತು ಪಟ್ಟು ಜಾಸ್ತಿ. ಅದನ್ನು ಡಾಕ್ಟರೇ ಬರೆದುಕೊಡಬೇಕು, ಅಂಗಡಿಯಲ್ಲಿ ಕೇಳಿ ತಗೋಬೇಡಿ.